ಸ್ಯಾಕ್ಸ್‌ಟನ್ ಮೈದಾನದ ಹೆಸರಿನ ಹಿಂದೊಂದು ರೈತನ ಡೈರಿ

ಕ್ರಿಕೆಟ್ ನೋಡುವವರಿಗೆ ನ್ಯೂಜಿಲೆಂಡಿನ ನೆಲ್ಸನ್ ಎಂದರೆ ಸ್ಯಾಕ್ಸ್‌ಟನ್ ಓವಲ್. 2015ರ ವಿಶ್ವಕಪ್‌ನ ಮೂರು ಪಂದ್ಯಗಳು ಇಲ್ಲೇ ನಡೆದವು. ಮೈದಾನಕ್ಕಿರುವ ಹೆಸರು ಆಟಗಾರನದಲ್ಲ, ಒಂದು ರೈತ ಕುಟುಂಬದ್ದು.

ಜಾನ್ ವೇರಿಂಗ್ ಸ್ಯಾಕ್ಸ್‌ಟನ್ 1842ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು, ಊರಿನ ಪಕ್ಕದ ಸ್ಟೋಕ್‌ನಲ್ಲಿ ಬೇಸಾಯಕ್ಕೆ ಇಳಿದವರು. ಚಿತ್ರ ಬರೆಯುತ್ತಿದ್ದರು, ದಿನಚರಿಯನ್ನೂ ಬರೆದಿಟ್ಟರು. ಅವರು ಬರೆದ ನೆಲ್ಸನ್ ಬಂದರಿನ ಚಿತ್ರ 1845ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ದಿನಚರಿ ನೆಲ್ಸನ್ ಪ್ರಾವಿನ್ಶಿಯಲ್ ಮ್ಯೂಸಿಯಂ ಮೂಲಕ ಇತಿಹಾಸಕಾರರ ಕೈ ಸೇರಿತು.

ಅದು ಸುಖದ ಕಾಲವಲ್ಲ. ವಲಸಿಗರನ್ನು ಕರೆತಂದ ನ್ಯೂಜಿಲೆಂಡ್ ಕಂಪನಿ 1844ರಲ್ಲಿ ಕೈಚೆಲ್ಲಿತು. ನೆಟ್ಟ ಬಿತ್ತನೆ ಆಲೂಗಡ್ಡೆಯನ್ನೇ ಅಗೆದು ತಿಂದ ಸಂಸಾರಗಳಿದ್ದವು. ಬಿತ್ತನೆ ಬೀಜಕ್ಕೆ ಕೈ ಹಾಕುವ ಸಂಕಟ ನಮ್ಮ ರೈತರಿಗೆ ವಿವರಿಸಬೇಕಿಲ್ಲ. ಭೂಮಿಯ ಹತ್ತನೇ ಒಂದು ಪಾಲನ್ನು ಮಾವೊರಿಗಳಿಗೆ ಕಾದಿಡುತ್ತೇವೆಂದ ಮಾತೂ ಪೂರ್ತಿ ನಡೆಯಲಿಲ್ಲ. ಆ ವ್ಯಾಜ್ಯದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಾವೊರಿಗಳ ಪರ ತೀರ್ಪು ಕೊಟ್ಟದ್ದು 2017ರಲ್ಲಿ. ಆಧಾರವಾಗಿದ್ದು 1840ರ ದಶಕದ ಕಾಗದಪತ್ರಗಳೇ. ಹಳೇ ಕಾಗದವೆಂದು ಯಾರಾದರೂ ಒಲೆಗೆ ಹಾಕಿದ್ದರೆ?

ಇದನ್ನು ಬರೆಯುವಾಗ ನಮಗೆ ನೆನಪಾಗುವುದು ಊರಿನ ಅಟ್ಟದ ಮೇಲಿನ ತಗಡಿನ ಟ್ರಂಕು. ಅಜ್ಜ ಬರೆದ ಮಳೆಯ ಲೆಕ್ಕ, ಅಡಿಕೆ ಧಾರಣೆ, ಆಳಿಗೆ ಕೊಟ್ಟ ಕೂಲಿ, ಪಂಚಾಂಗದ ಅಂಚಿನಲ್ಲಿ ಹಸು ಕರು ಹಾಕಿದ ದಿನ. ಮಕ್ಕಳು ವಿದೇಶದಲ್ಲಿ, ಮನೆಯಲ್ಲಿ ವಯಸ್ಸಾದವರಿಬ್ಬರೇ. ಸುಣ್ಣ ಬಣ್ಣಕ್ಕೆ ಅಟ್ಟ ಇಳಿಸಿದ ದಿನ ಎಲ್ಲವೂ ರದ್ದಿ ಅಂಗಡಿ ಸೇರುತ್ತದೆ.

ಉಳಿಸುವ ಕೆಲಸ ದುಬಾರಿಯಲ್ಲ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒದ್ದೆ ಗೋಡೆ, ಬಿಸಿಲು ಎರಡರಿಂದಲೂ ದೂರವಿಡಿ. ಒಂದೊಂದೇ ಪುಟವನ್ನು ಹಗಲು ಬೆಳಕಿನಲ್ಲಿ, ನೆರಳು ಬೀಳದಂತೆ ಫೋಟೊ ತೆಗೆಯಿರಿ. ಕೈಬರಹ ಓದಬಲ್ಲ ಅಜ್ಜಿ ಇದ್ದರೆ ಓದಿಸಿ, ದನಿ ರೆಕಾರ್ಡ್ ಮಾಡಿಕೊಳ್ಳಿ. ಮೋಡಿ ಅಕ್ಷರ ಓದುವವರು ಈಗ ಊರಿಗೊಬ್ಬರೂ ಸಿಗುವುದು ಕಷ್ಟ.

ಮಗನಿಗೋ ಮಗಳಿಗೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಇಲ್ಲವಾದರೆ ಚಿತ್ರ ಕುಗ್ಗಿ, ಸಣ್ಣ ಅಕ್ಷರ ಅಲ್ಲಿ ಮಸುಕಾಗಿ ಕಾಣುತ್ತದೆ.