ಕಲ್ಕತ್ತೆ ಸೇರಿದ ಬರಿಗಾಲು

ಮಾಸ್ತಿಯಲ್ಲಿ ಯಾರಾದರೂ ಹಳೆಯ ಪೇಪರ್ ಕಟ್ಟು ಬಿಚ್ಚಿದರೆ ಒಳಗೆ ‘ಶ್ರೀನಿವಾಸ’ರ ಕತೆಯೇ ಇರಬೇಕು ಅನ್ನಿಸುತ್ತದೆ. ನನಗೆ ಅಲ್ಲಿ ಸಿಕ್ಕಿದ್ದು ಫುಟ್‌ಬಾಲ್!

ಬೆಂಗಳೂರಿನ ಗಿರಣಿಯಲ್ಲಿ ದುಡಿದು ಊರಿಗೆ ಮರಳಿದ, ಎಂಬತ್ತು ದಾಟಿದ ಅಜ್ಜ ಬಿಸ್ಕತ್ ಡಬ್ಬಿಯಿಂದ ಒಂದೊಂದೇ ಕಟಿಂಗ್ ತೆಗೆದು ಜಗಲಿಯ ಮೇಲೆ ಹರಡಿದರು. ಎಲ್ಲದರಲ್ಲೂ ಒಬ್ಬರೇ: ಬೆಂಗಳೂರಿನ ಅಹಮದ್ ಖಾನ್. ಹೇಳುವುದು ಸಾಲದೆಂದು ಮೊಮ್ಮಗನ ರಬ್ಬರ್ ಚೆಂಡು ತರಿಸಿದರು. ಗೋಡೆ ಹಿಡಿದು ನಿಂತು, ಅಂಗಾಲಲ್ಲಿ ಚೆಂಡನ್ನು ಹಿಂದಕ್ಕೆ ಎಳೆದು, ಹೆಬ್ಬೆರಳಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ‘ಬೂಟಲ್ಲಿ ಇದಾಗ್ತದೇನಪ್ಪ? ಚೆಂಡು ಎಲ್ಲೈತೆ ಅಂತ ಕಾಲಿಗೆ ಗೊತ್ತಾಗ್ಬೇಕು.’ ಅವರು ಖಾನ್ ಆಟ ಕಂಡಿದ್ದೋ, ಗಿರಣಿ ಗೆಳೆಯರಿಂದ ಕೇಳಿದ್ದೋ, ಬಗೆಹರಿಯಲಿಲ್ಲ. ಚೆಂಡು ಮಾತ್ರ ಹೇಳಿದ ಹಾಗೆ ಕೇಳಿತು.

1926ರಲ್ಲಿ ಹುಟ್ಟಿದ ಖಾನ್, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿದರು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಕೆಲವರು ಪಟ್ಟಿ ಸುತ್ತಿಕೊಂಡಿದ್ದರು. ಎರಡು ಪೆನಾಲ್ಟಿ ಕೈಬಿಟ್ಟು 1–2ರಲ್ಲಿ ಸೋತೆವು. ನಮ್ಮ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಮೈಸೂರಿನ ಆಟಗಾರರೇ. ಮರುವರ್ಷ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಭಾಷೆ, ಊಟ, ಹವೆ ಎಲ್ಲವೂ ಬೇರೆ. ಅಂದಿನ ಬೆಂಗಳೂರು ಹುಡುಗನಿಗೆ ಅದು ಪರದೇಶವೇ. ಆದರೂ ರೈಲು ಹತ್ತಿದರೆ ಆಯಿತು.

ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಖಾನ್: ದಕ್ಷಿಣದ ಈ ಐವರನ್ನು ಬಂಗಾಳ ‘ಪಂಚಪಾಂಡವರು’ ಎಂದು ಕರೆಯಿತು. 1949, 50, 51, ಮೂರೂ ವರ್ಷ ಐಎಫ್‌ಎ ಶೀಲ್ಡ್ ಅವರ ತಂಡದ್ದೇ. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಖಾನ್‌ಗೆ ಚಿನ್ನ.

ಮತ್ತೆ ಬರಿಗಾಲಿಗೇ ಬರುತ್ತೇನೆ, ಬಿಡಲು ಮನಸ್ಸಿಲ್ಲ. ಬೂಟಿಲ್ಲದ್ದಕ್ಕೇ 1950ರ ವಿಶ್ವಕಪ್‌ಗೆ ಭಾರತವನ್ನು ಸೇರಿಸಲಿಲ್ಲ ಎಂಬ ಕತೆ ಅಜ್ಜನಿಗೂ ಬಾಯಿಪಾಠ. ನನಗೆ ನಂಬಿಕೆಯಿಲ್ಲ. ಎದುರಾಳಿಗಳು ಹಿಂದೆ ಸರಿದಿದ್ದರಿಂದ ಸುಮ್ಮನೆ ಅರ್ಹತೆ ಸಿಕ್ಕಿತ್ತು. ಬ್ರೆಜಿಲ್ಲಿಗೆ ವಾರಗಟ್ಟಲೆ ಹಡಗಿನ ಪಯಣ. ಅಂದಿನ ಫೆಡರೇಷನ್‌ಗೆ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ಲೆಕ್ಕಕ್ಕಿರಲಿಲ್ಲ. ಹೋಗದವರಿಗೆ ಬೂಟಿನ ನೆಪ ಚೆನ್ನಾಗಿ ಒದಗಿತು, ಅಷ್ಟೆ. ಬರಿಗಾಲಿಗೆ ನಿಜವಾಗಿ ಹೊಡೆತ ಬಿದ್ದಿದ್ದು 1952ರ ಹೆಲ್ಸಿಂಕಿಯ ಚಳಿಯಲ್ಲಿ. ಯುಗೊಸ್ಲಾವಿಯ ಹತ್ತು ಗೋಲು ಬಾರಿಸಿತು. ನಮ್ಮದು ಒಂದೇ, ಅದೂ ಖಾನ್‌ದು. ಆಮೇಲೆ ಬೂಟು ಕಡ್ಡಾಯವಾಯಿತು.

‘ಅಲ್ಲಿಗೆ ಆಟ ಕೆಟ್ಟೋಯ್ತು’ ಎಂದು ಅಜ್ಜ ತೀರ್ಪು ಕೊಟ್ಟರು. ನಾನು ಬಿಡಲಿಲ್ಲ: 1954ರ ಏಷ್ಯನ್ ಗೇಮ್ಸ್‌ಗೂ ಖಾನ್ ಹೋಗಿದ್ದರಲ್ಲ, ಈಸ್ಟ್ ಬೆಂಗಾಲ್ ಅವರನ್ನು ಐವತ್ತರ ದಶಕದ ಕೊನೆಯವರೆಗೂ ಇಟ್ಟುಕೊಂಡಿತಲ್ಲ? ಅಜ್ಜ ಕಟಿಂಗ್‌ಗಳನ್ನು ಜೋಡಿಸುತ್ತ, ‘ಹೆಸರಿಗೆ ಇಟ್ಕೊಂಡಿದ್ರು’ ಅಂದರು. 2017ರ ಆಗಸ್ಟ್‌ನಲ್ಲಿ ಖಾನ್ ಬೆಂಗಳೂರಿನಲ್ಲೇ ತೀರಿಕೊಂಡರು. ಆ ಸುದ್ದಿಯ ಕಟಿಂಗ್ ಡಬ್ಬಿಯಲ್ಲಿಲ್ಲ. ಕೇಳಿದರೆ, ಅದನ್ಯಾಕೆ ಇಟ್ಟುಕೊಳ್ಳಲಿ ಎಂದು ನನ್ನ ಮೇಲೆಯೇ ರೇಗಿದರು.