ಊರನ್ನು ಹೆಣೆದ ಕಾಲುದಾರಿಗಳು

ಘಟ್ಟದ ಮೇಲಿನ ಸೀಮೆಯಿಂದ ಮೊದಲ ಸಲ ಮಂಗಳೂರಿಗೆ ಬಂದ ಅತಿಥಿಗಳು, ನಗರದ ಎಲ್ಲೆಯನ್ನು ದಾಟಿ ನಾಲ್ಕಾರು ಮೈಲು ಸಾಗಿದ ಬಳಿಕವೂ, ‘ಹಳ್ಳಿ ಇನ್ನೂ ಬರಲಿಲ್ಲವೇ?’ ಎಂದು ಕೇಳುವುದುಂಟು. ಒತ್ತೊತ್ತಾಗಿ ನಿಂತ ಮನೆಗಳು, ಅವುಗಳ ನಡುವೆ ಒಂದು ಬೀದಿ, ಬೀದಿಯ ತುದಿಗೆ ಗುಡಿ, ಅದರಾಚೆಗೆ ಹೊಲ ಎಂಬ ಕ್ರಮದಲ್ಲಿ ಹಳ್ಳಿಯನ್ನು ಕಂಡು ಬೆಳೆದವರಿಗೆ ತುಳುನಾಡಿನ ಗ್ರಾಮವು ಸುಲಭವಾಗಿ ದೃಗ್ಗೋಚರವಾಗುವುದಿಲ್ಲ. ಇಲ್ಲಿ ಪ್ರತಿಯೊಂದು ಮನೆಯೂ ತನ್ನ ಗದ್ದೆಯ ಮಗ್ಗುಲಲ್ಲಿ, ತನ್ನ ಬಾವಿ ಮತ್ತು ತನ್ನ ತೆಂಗು ಕಂಗುಗಳ ನಡುವೆ ಪ್ರತ್ಯೇಕವಾಗಿ ನೆಲೆಸಿರುವುದು. ಒಂದು ಅಂಗಳದಲ್ಲಿ ನಿಂತು ಕೂಗಿದರೆ ನೆರೆಮನೆಗೆ ಕೇಳಿಸೀತಲ್ಲದೆ ನೆರೆಮನೆಯು ಕಾಣಿಸದು. ಹೀಗೆ ಗುಡ್ಡ ಬೈಲುಗಳಲ್ಲಿ ಚದರಿಹೋದ ಮನೆಗಳನ್ನು ಒಂದು ಊರೆಂಬ ಹೆಸರಿನಲ್ಲಿ ಕೂಡಿಸಿರುವುದು ಯಾವುದೆಂದು ವಿಚಾರಿಸಿದರೆ, ಅವುಗಳ ಅಂಗಳದಿಂದ ಅಂಗಳಕ್ಕೆ, ದೈವಸ್ಥಾನಕ್ಕೆ, ಕೆರೆಗೆ, ಹೊಳೆಯ ಕಡವಿಗೆ ಹೋಗುವ ಕಾಲುದಾರಿಗಳೇ ಎಂದು ಹೇಳಬೇಕಾಗುವುದು. ಆದುದರಿಂದ ಈ ನಾಡಿನ ಗ್ರಾಮವನ್ನು ನೋಡಬೇಕೆಂಬ ಅಪೇಕ್ಷೆಯುಳ್ಳವನು ಕಾಲ್ನಡಿಗೆಯಲ್ಲಿಯೇ ಅದನ್ನು ನೋಡತಕ್ಕದ್ದು.

ಮಂಗಳೂರು ಎರಡು ಹೊಳೆಗಳ ನಡುವಣ ಊರು. ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಫಲ್ಗುಣಿಯೆಂಬ ಹೆಸರೂ ಉಳ್ಳ ಗುರುಪುರ ಹೊಳೆ. ಎರಡೂ ಕಡಲನ್ನು ಸೇರುವ ಮುನ್ನ ಒಂದನ್ನೊಂದು ಕೂಡಿಕೊಳ್ಳುತ್ತವೆ. ನಗರದಿಂದ ಮೂಡಲಿಗೆ, ಈ ಎರಡು ಹೊಳೆಗಳ ಮಧ್ಯೆ ಏರಿ ನಿಂತ ಮುರಕಲ್ಲಿನ ಎತ್ತರದ ನೆಲದಲ್ಲಿ ನೀರುಮಾರ್ಗವೆಂಬ ಗ್ರಾಮವಿದೆ. ಅಲ್ಲಿಂದ ದಕ್ಷಿಣಕ್ಕೆ ಇಳಿದವರು ಅಡ್ಯಾರಿನ ಕಡೆಗೆ ನೇತ್ರಾವತಿಯನ್ನೂ, ಉತ್ತರಕ್ಕೆ ಇಳಿದವರು ಉಳಾಯಿಬೆಟ್ಟಿನ ಕಡೆಗೆ ಗುರುಪುರ ಹೊಳೆಯನ್ನೂ ತಲುಪುವರು. ಈ ಇಳಿತದಲ್ಲಿ ಕರಾವಳಿಯ ಭೂರಚನೆಯೆಲ್ಲ ಕ್ರಮವಾಗಿ ಕಾಲಡಿಗೆ ಬರುವುದರಿಂದ, ದಾರಿ ತಿಳಿಯದ ಹೊಸಬರಿಗೆ ನಾನು ಸೂಚಿಸುವ ಮೊದಲನೆಯ ತಿರುಗಾಟ ಇದೇ ಆಗಿದೆ.

ಎಲ್ಲಕ್ಕಿಂತ ಮೇಲೆ ಪದವು. ಮರಗಳು ವಿರಳವಾದ, ಮುರಕಲ್ಲೇ ನೆಲವಾಗಿ ಹಾಸಿಕೊಂಡಿರುವ ಈ ವಿಶಾಲ ಬಯಲನ್ನು ಬೇಸಗೆಯಲ್ಲಿ ಮಾತ್ರ ಕಂಡವರು ಬರಡೆಂದು ತಿಳಿಯುತ್ತಾರೆ; 1951ರಲ್ಲಿ ಬಜ್ಪೆಯ ವಿಮಾನ ನಿಲ್ದಾಣವು ತೆರೆದದ್ದೂ ಇಂತಹದೊಂದು ಎತ್ತರದ ಸಮತಟ್ಟಿನಲ್ಲಿಯೇ. ಅಗೆದು ತೆಗೆಯುವಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಕಠಿನವಾಗುವ ಈ ಕಲ್ಲಿಗೆ ಭೂಶಾಸ್ತ್ರಜ್ಞರು ಇಂದಿಗೂ ಬಳಸುವ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು, 1800 ಮತ್ತು 1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆಯ ಒಂದು ಭಾಗವು ಪದವಿನ ತಗ್ಗುಗಳಲ್ಲಿ ಪಳ್ಳಗಳಾಗಿ ನಿಲ್ಲುವುದು. ಉಳಿದುದು ಕಲ್ಲಿನ ರಂಧ್ರಗಳಲ್ಲಿ ಇಳಿದು ಕೆಳಗಿನ ಬಾವಿಗಳಿಗೂ ತೋಡುಗಳಿಗೂ ಆಧಾರವಾಗುವುದು. ಶ್ರಾವಣ ಭಾದ್ರಪದಗಳಲ್ಲಿ ಅಲ್ಲಿಗೆ ಹೋಗಿ ಮಂಡಿಯೂರಿ ಕುಳಿತು ನೋಡಬೇಕು. ಬೆರಳಿನಷ್ಟೂ ಎತ್ತರವಿಲ್ಲದ ಗಿಡಗಳು ನೀಲಿಯ ಹೂಗಳನ್ನು ತಳೆದು ತೆಳುವಾಗಿ ಹರಡಿದ ನೀರಿನಲ್ಲಿ ನಿಂತಿರುವುವು. ಮಣ್ಣಿನಲ್ಲಿ ಸಾರವಿಲ್ಲದ ಕಾರಣ ಅವು ಸೂಕ್ಷ್ಮಜೀವಿಗಳನ್ನು ಬೇರಿನಂತಹ ಎಳೆಗಳ ಮೇಲಣ ಚೀಲಗಳಲ್ಲಿ ಸೆರೆಹಿಡಿದು ಜೀರ್ಣಿಸಿಕೊಳ್ಳುತ್ತವೆ. ಇವುಗಳ ನಡುವೆಯೇ, ಎಲೆಯ ಅಂಚಿನ ರೋಮರೋಮಕ್ಕೂ ಅಂಟಿನ ಹನಿಯನ್ನು ಧರಿಸಿ ನೊಣಕ್ಕಾಗಿ ಕಾದಿರುವ ಇನ್ನೊಂದು ಸಣ್ಣ ಕೆಂಪು ಗಿಡವೂ ಸಿಕ್ಕೀತು. ಬರಡೆಂದು ಕರೆಯಿಸಿಕೊಂಡ ನೆಲದ ಈ ಸಂಪತ್ತು ಕಾರಿನ ಕಿಟಕಿಗೆ ಎಂದೂ ಕಾಣತಕ್ಕದ್ದಲ್ಲ.

ಪದವಿನ ಅಂಚಿನಿಂದ ದಾರಿಯು ಗುಡ್ಡೆಯೊಳಗೆ ಇಳಿಯುವುದು. ಗೇರು, ಕುಂಟಾಲ, ನೇರಳೆ, ಕಾಟುಮಾವು, ಬುಡದಲ್ಲಿ ಕೇಪಳದ ಪೊದೆಗಳು. ಸಾಗುವಳಿಯ ವರ್ಗ ಜಮೀನಿಗೆ ತಾಗಿದ 100 ಗಜದೊಳಗಣ ಸರಕಾರಿ ನೆಲದಲ್ಲಿ ಹಟ್ಟಿಗೆ ಸೊಪ್ಪು, ಒಲೆಗೆ ಸೌದೆ ತರುವ ಕುಮ್ಕಿ ಸೌಲಭ್ಯವು ಈ ಜಿಲ್ಲೆಯ ರೈತನಿಗೆ ಹಿಂದಿನಿಂದ ಬಂದುದಾಗಿರುವುದರಿಂದ, ಗುಡ್ಡೆಯ ದಾರಿಗಳಲ್ಲಿ ಬಹುಪಾಲನ್ನು ಸವೆಸಿದವರು ತಲೆಯ ಮೇಲೆ ಸೊಪ್ಪಿನ ಹೊರೆಯನ್ನು ಹೊತ್ತು ನಡೆದ ಹೆಂಗಸರು. ಹೊರೆ ಹೊತ್ತವರು ಎದುರಾದರೆ ಬರಿಗೈಯವನು ಬದಿಗೆ ಸರಿದು ನಿಲ್ಲಬೇಕೆಂಬ ನಿಯಮವನ್ನು ಇಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಗುಡ್ಡೆ ಮುಗಿದು ಓಣಿ ಆರಂಭವಾಗುವುದು. ಎರಡೂ ಕಡೆ ಎತ್ತರದ ಧರೆ, ಪಾಚಿ ಮತ್ತು ಜರಿಗಿಡಗಳು ಹಬ್ಬಿದ ಕೆಂಪು ಗೋಡೆ, ಮೇಲೆ ಸೇರಿಕೊಂಡ ಕೊಂಬೆಗಳು. ಮಳೆಗಾಲದಲ್ಲಿ ಇದೇ ನೀರಿನ ದಾರಿ, ಉಳಿದ ಕಾಲದಲ್ಲಿ ಮನುಷ್ಯನ ದಾರಿ. ಓಣಿಯು ತೋಟವನ್ನು ಮುಟ್ಟುವಲ್ಲಿ ತಡಮೆ ಇರುವುದು. ಈ ತಡಮೆಯೆಂಬ ಸರಳವಾದ ಏರ್ಪಾಡನ್ನು ನಾನು ಎಷ್ಟು ಸಲ ದಾಟಿದರೂ ಮೆಚ್ಚದೆ ಮುಂದೆ ಹೋಗಲಾರೆ. ಮುರಕಲ್ಲಿನ ಕೋಟೆಗೋಡೆಯಲ್ಲಿ ಮೊಣಕಾಲೆತ್ತರದ ಒಂದು ಸಂದು, ಈಚೆಗೆ ಮೆಟ್ಟಲು ಒಂದು ಕಲ್ಲು, ಆಚೆಗೆ ಇಳಿಯಲು ಇನ್ನೊಂದು, ಅಷ್ಟೇ. ದನವು ಅದನ್ನು ದಾಟಲಾರದು. ಅಜ್ಜಿಯು ಗೋಡೆಯ ಮೇಲೆ ಕೈಯೂರಿ ದಾಟಬಲ್ಲಳು. ಕದವಿಲ್ಲ, ಅಗುಳಿಯಿಲ್ಲ, ತೆರೆದು ಮುಚ್ಚುವ ಕೆಲಸವಿಲ್ಲ. ಬೆಳೆಯ ರಕ್ಷಣೆ ಮತ್ತು ನಡೆಯುವವನ ಅನುಕೂಲ ಎರಡನ್ನೂ ಒಂದೇ ಕಲ್ಲಿನಲ್ಲಿ ಸಾಧಿಸಿದ ಈ ಉಪಾಯವು ಗೋಡೆ ಕಟ್ಟಿದವನ ಮನಸ್ಸಿನ ಔದಾರ್ಯವನ್ನೂ ತೋರಿಸುವುದು. ತನ್ನ ಜಾಗಕ್ಕೆ ಬೇಲಿ ಹಾಕುವಾಗಲೇ ಅವನು ಪರರ ಪಾದಕ್ಕೆ ಎಡೆಯನ್ನು ಯೋಚಿಸಿದ್ದನು.

ತೋಡಿಗೆ ಸಂಕ. ಎರಡು ಮೂರು ಅಡಕೆಯ ಅಥವಾ ತೆಂಗಿನ ಕಾಂಡಗಳನ್ನು ಜೋಡಿಸಿ, ಹಿಡಿದುಕೊಳ್ಳಲು ಒಂದು ಬಿದಿರನ್ನು ಕಟ್ಟಿದರೆ ಸಂಕವಾಯಿತು. ಅದನ್ನು ದಾಟಿದರೆ ಬೈಲು. ಬೈಲಿನ ತಗ್ಗು ನೆಲ, ಅದಕ್ಕಿಂತ ಮೇಲಣ ಮಜಲು, ಇನ್ನೂ ಮೇಲೆ ಮಳೆಯನ್ನೇ ನಂಬಿದ ಬೆಟ್ಟು ಎಂದು ಗದ್ದೆಗಳನ್ನು ನೀರಿನ ಆಸರೆಗೆ ಅನುಸಾರವಾಗಿ ವಿಂಗಡಿಸುವುದು ಇಲ್ಲಿಯ ಹಳೆಯ ಪದ್ಧತಿ. ಬೈಲಿನಲ್ಲಿ ಏಣೇಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳು ಬರುತ್ತಿದ್ದ ದಿನಗಳಲ್ಲಿ ನಡೆಯುವ ದಾರಿಯೂ ಬೆಳೆಯೊಂದಿಗೆ ಬದಲಾಗುತ್ತಿದ್ದಿತು. ಏಣೇಲಿನ ನಾಟಿಗೆ ಮುನ್ನ ಗದ್ದೆಗಳ ಬದುಗಳಾದ ಹುಣಿಗಳ ಹುಲ್ಲನ್ನು ಕೆತ್ತಿ, ಏಡಿ ಕೊರೆದ ಬಿಲಗಳನ್ನು ಮುಚ್ಚಿ, ಹೊಸ ಕೆಸರನ್ನು ಮೆತ್ತಿದ ಮೇಲೆ ಅದು ಆರುವವರೆಗೆ ಯಾರೂ ಅದನ್ನು ಮೆಟ್ಟುವಂತಿಲ್ಲ. ನಡೆಯುವವರು ಬೈಲಿನ ನಡುವಣ ಅಗಲವಾದ ಕಟ್ಟಪುಣಿಯನ್ನೇ ಹಿಡಿಯಬೇಕು. ಬೇಸಗೆಯಲ್ಲಿ ಕಟಾವಾದ ಬಳಿಕ ಒಣಗಿದ ಗದ್ದೆಯೆಲ್ಲವೂ ರಾಜಮಾರ್ಗ. ಮಕ್ಕಳು ಶಾಲೆಗೆ, ಭಕ್ತರು ಜಾತ್ರೆಗೆ, ಯಕ್ಷಗಾನದ ಪ್ರೇಕ್ಷಕರು ಸೂಟೆ ಬೀಸಿಕೊಂಡು ಬಯಲಾಟದ ರಂಗಸ್ಥಳಕ್ಕೆ ಮೂಗಿನ ನೇರಕ್ಕೆ ನಡೆದು ಹೋಗುತ್ತಿದ್ದರು. ಆಟದ ಋತು ಮುಗಿಯುವ ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚಿದ ಕೆಲವೇ ದಿನಗಳಲ್ಲಿ ಮಳೆ ಸುರಿದು, ದಾರಿಯು ಮತ್ತೆ ಕಟ್ಟಪುಣಿಯ ಅಗಲಕ್ಕೆ ಕಿರಿದಾಗುತ್ತಿದ್ದಿತು.

ಈ ದಾರಿಗಳಲ್ಲಿ ನಡೆಯುವುದನ್ನೇ ಕರ್ತವ್ಯವಾಗಿ ಉಳ್ಳವರೂ ಇದ್ದಾರೆ. ಜಡಿಮಳೆಯ ಆಟಿ ತಿಂಗಳಲ್ಲಿ ನಲಿಕೆ ಸಮುದಾಯದವರು ಕಳೆಂಜನ ವೇಷ ಧರಿಸಿ, ತಾಳೆಗರಿಯ ಕೊಡೆಯನ್ನು ತಿರುಗಿಸುತ್ತ, ಮನೆಮನೆಯ ಅಂಗಳಕ್ಕೆ ಬಂದು ಊರಿನ ಮಾರಿಯನ್ನು ಕಳೆಯುತ್ತಾರೆ. ದೈವದ ಉತ್ಸವವಾದ ನೇಮದ ದಿನ ಅದರ ಭಂಡಾರವು ಭಂಡಾರದ ಮನೆಯಿಂದ ದೈವಸ್ಥಾನಕ್ಕೆ ನಿಯತವಾದ ದಾರಿಯಲ್ಲಿಯೇ ಹೋಗತಕ್ಕದ್ದಾದುದರಿಂದ, ಆ ದಾರಿಗೆ ಅಡ್ಡ ಕಟ್ಟಲು ಎಂಥ ಶ್ರೀಮಂತನೂ ಹಿಂಜರಿಯುವನು. ತುಳುವಿನ ಪಾಡ್ದನಗಳಲ್ಲಿ ವೀರ ಸೋದರರಾದ ಕೋಟಿ ಚೆನ್ನಯರು ಪಡುಮಲೆಯಿಂದ ಪಂಜಕ್ಕೆ, ಅಲ್ಲಿಂದ ಎಣ್ಮೂರಿಗೆ ಹೋದುದು ಕಾಲ್ನಡಿಗೆಯಲ್ಲಿ. ಅವರ ಕಥೆಯ ತಿರುವುಗಳಲ್ಲಿ ಅನೇಕವು ದಾರಿಯ ಕಟ್ಟೆಗಳಲ್ಲಿಯೇ ಸಂಭವಿಸುತ್ತವೆ. ಶಿವರಾಮ ಕಾರಂತರು 1943ರ ‘ಬೆಟ್ಟದ ಜೀವ’ವನ್ನು ಆರಂಭಿಸುವುದು ಸುಬ್ರಹ್ಮಣ್ಯದ ಸೀಮೆಯಲ್ಲಿ ಸಂಜೆಯ ಹೊತ್ತು ದಾರಿ ತಪ್ಪಿದ ಪಯಣಿಗನಿಂದ. ದಾರಿ ತಪ್ಪಿದವನಿಗೆ ಅಪರಿಚಿತರ ಮನೆಯೊಂದು ತೆರೆದುಕೊಳ್ಳುವುದೆಂಬ ನಂಬಿಕೆಯಿಲ್ಲದೆ ಆ ಕಾದಂಬರಿಯು ಹುಟ್ಟುವಂತಿರಲಿಲ್ಲ. ಇಂದಿಗೂ ಅಂಗಳದ ಅಂಚಿನಲ್ಲಿ ಹಾದುಹೋಗುವವನನ್ನು ಜಗಲಿಯಲ್ಲಿ ಕುಳಿತವರು, ‘ಓಡೆಗ್ ಅಣ್ಣೆರೇ?’ (ಎಲ್ಲಿಗೆ ಅಣ್ಣನವರೇ?) ಎಂದು ಕೇಳಿಯೇ ಕೇಳುವರು. ಉತ್ತರಿಸಿ ಎರಡು ಮಾತನಾಡಿದರೆ ಬೆಲ್ಲ ಮತ್ತು ನೀರು ಬರುವುದು. ಆ ಪ್ರಶ್ನೆಯನ್ನು ಅಧಿಕಪ್ರಸಂಗವೆಂದು ಭಾವಿಸುವ ಪೇಟೆಯವರ ಕುರಿತು ನನಗೆ ಖೇದವಿದೆ. ಅದು ನಡೆಯಲು ಕೊಡುವ ಅನುಮತಿ.

ಅನುಮತಿಯೆಂದೆನು, ಹಕ್ಕಿನ ವಿಚಾರವನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ ಹಳ್ಳಿಯ ಸುತ್ತಣ ನಡಿಗೆಯು ಒಂದು ರಾಷ್ಟ್ರೀಯ ಹವ್ಯಾಸ. ಅಲ್ಲಿ ಖಾಸಗಿ ಹೊಲಗಳ ನಡುವೆ ಹಾದುಹೋಗುವ ಸಾರ್ವಜನಿಕ ಕಾಲುದಾರಿಗಳನ್ನು 1949ರ ಶಾಸನದ ಪ್ರಕಾರ ಅಧಿಕೃತ ನಕ್ಷೆಗಳಲ್ಲಿ ಗುರುತಿಸುವ ಕಾರ್ಯವು ಆರಂಭವಾಯಿತು. ಅದಕ್ಕೆ ಮುನ್ನ, 1932ರ ಏಪ್ರಿಲ್ 24ರಂದು, ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಶ್ರೀಮಂತರು ತಮ್ಮ ಬೇಟೆಗೆಂದು ಮುಚ್ಚಿಟ್ಟುದನ್ನು ಪ್ರತಿಭಟಿಸಿ ನೂರಾರು ಮಂದಿ ಕಾರ್ಮಿಕ ಯುವಕರು ಅದನ್ನು ಏರಿ, ಕೆಲವರು ಸೆರೆಮನೆಗೂ ಹೋದರು. ನಮ್ಮಲ್ಲಿ ಅಂತಹ ಸಾರ್ವಜನಿಕ ನಕ್ಷೆಯಿಲ್ಲ. ಆದರೆ 1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯುಂಟು. ಮೊದಲಿಗೆ ಅನ್ವಯವಾದ ಪ್ರಾಂತಗಳಲ್ಲಿ ಮದರಾಸು ಒಂದಾದುದರಿಂದ, ಆಗ ಅದರೊಳಗಿದ್ದ ದಕ್ಷಿಣ ಕನ್ನಡಕ್ಕೆ ಈ ಕಾಯಿದೆಯು ಹುಟ್ಟಿನಿಂದಲೇ ಪರಿಚಿತ. ಒಬ್ಬನು ತನ್ನ ಮನೆಗೋ ಜಮೀನಿಗೋ ಹೋಗಲು ಪರರ ನೆಲದ ಮೇಲಣ ದಾರಿಯನ್ನು ಬಹಿರಂಗವಾಗಿ, ಶಾಂತವಾಗಿ, ತಡೆಯಿಲ್ಲದೆ, ಹಕ್ಕೆಂದು 20 ವರ್ಷ ಬಳಸಿದರೆ ಅದು ಅವನ ಹಕ್ಕಾಗುವುದು. 20 ವರ್ಷ ಬಳಸದೆ ಬಿಟ್ಟರೆ ಆ ಹಕ್ಕು ನಶಿಸುವುದು. ವಿಹಾರಕ್ಕೆ ಬಂದ ದಾರಿಹೋಕನಿಗೆ ಈ ಕಾಯಿದೆಯಿಂದ ನೇರವಾದ ಹಕ್ಕೇನೂ ಬಾರದು. ಅವನು ಆ ಮನೆಗಳವರ ಹಕ್ಕಿನ ನೆರಳಿನಲ್ಲಿ, ಅವರ ಸೌಜನ್ಯದಿಂದ ನಡೆಯುವವನು. ಮನೆಯವರೇ ನಡೆಯುವುದನ್ನು ಬಿಟ್ಟರೆ ದಾರಿಯು ಇಬ್ಬರಿಗೂ ಇಲ್ಲವಾಗುವುದು.

ಈಗ ನಡೆಯುತ್ತಿರುವುದು ಅದೇ. ಮನೆಮನೆಗೂ ವಾಹನ ಬರುವ ಕಾಂಕ್ರೀಟು ರಸ್ತೆಯಾಗಿದೆ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಕಟ್ಟಪುಣಿಯ ಮೇಲೆ ಹೊತ್ತು ತರಬೇಕಾಗಿದ್ದ ಕಾಲವನ್ನು ಬಲ್ಲ ನಾನು ಆ ರಸ್ತೆಯನ್ನು ಹಳಿಯಲಾರೆ. ಆದರೆ ರಸ್ತೆ ಬಂದುದೇ ತಡ, ತಡಮೆಯ ಸಂದು ಕಲ್ಲಿನಿಂದ ಮುಚ್ಚಿಹೋಗುವುದು, ಗದ್ದೆ ಹಡಿಲು ಬಿದ್ದು ಹುಣಿಗಳು ಕರಗುವುವು, ನೂರು ಹೆಜ್ಜೆ ದೂರದ ನೆರೆಮನೆಗೆ ಒಂದು ಮೈಲು ಸುತ್ತಿ ಸ್ಕೂಟರಿನಲ್ಲಿ ಹೋಗುವ ಪರಿಸ್ಥಿತಿಯುಂಟಾಗುವುದು. ಹೋಗುವುದೇ ಕ್ರಮೇಣ ಕಡಿಮೆಯಾಗುವುದು.

ಕಂದಾಯ ಇಲಾಖೆಯ ಹಳೆಯ ಗ್ರಾಮನಕ್ಷೆಗಳಲ್ಲಿ ಬಂಡಿದಾರಿ ಕಾಲುದಾರಿಗಳನ್ನು ಗೆರೆಗಳಿಂದ ಗುರುತಿಸಿರುವುದುಂಟು. ಗ್ರಾಮ ಪಂಚಾಯತುಗಳು ಊರಿನ ಶಾಲೆಯ ಮೇಲಣ ತರಗತಿಯ ಮಕ್ಕಳ ಕೈಗೆ ಅಂಥ ನಕ್ಷೆಯ ಪ್ರತಿಯನ್ನು ಕೊಟ್ಟು, ದೀಪಾವಳಿ ಕಳೆದು ನೆಲ ಆರಿದ ಮೇಲೆ, ದಾರಿ ಬಲ್ಲ ಹಿರಿಯರೊಬ್ಬರನ್ನು ಜತೆಗೆ ಕಳುಹಿಸಿ ಆ ಗೆರೆಗಳ ಮೇಲೆ ನಡೆಯಿಸಬೇಕೆಂಬುದು ನನ್ನ ಆಗ್ರಹ. ಯಾವ ದಾರಿ ಉಳಿದಿದೆ, ಯಾವುದು ಮುಚ್ಚಿದೆ, ತಡಮೆ ಎಲ್ಲಿ, ಸಂಕ ಎಲ್ಲಿ, ಭಂಡಾರ ಹೋಗುವುದು ಯಾವುದರಲ್ಲಿ, ಬೇಸಗೆಯಲ್ಲಿಯೂ ಬತ್ತದ ಪಳ್ಳ ಯಾವುದು, ನಕ್ಷೆಯಲ್ಲಿಲ್ಲದ ಆದರೆ ಜನರು ನಡೆಯುತ್ತಿರುವ ದಾರಿಗಳು ಯಾವುವು ಎಂಬುದನ್ನೆಲ್ಲ ಅವರು ಒಂದು ಪುಸ್ತಕದಲ್ಲಿ ಬರೆದು ತರಲಿ. ಮುಂದೆ ಯಾವನಾದರೂ ಹೊಸ ಆವರಣಗೋಡೆಗೆ ಅನುಮತಿ ಕೇಳಿ ಬಂದಾಗ, ಪಂಚಾಯತಿನ ಮೇಜಿನ ಮೇಲೆ ಆ ಪುಸ್ತಕವು ಇರಲಿ.