ಆಳಿಗೆ ತಕ್ಕ ಸೀಟು

ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಯಿತೆಂದರೆ ಸಾಕು, ಊರ ಹೊರಗಿನ ಖಾಲಿ ಬಡಾವಣೆಗಳಲ್ಲಿ ಕೆಂಪು ‘ಎಲ್’ ಅಂಟಿಸಿಕೊಂಡ ಕಾರುಗಳು ಕುಂಟುತ್ತಾ, ಕುಪ್ಪಳಿಸುತ್ತಾ ಓಡಾಡತೊಡಗುತ್ತವೆ. ಹದಿನೆಂಟು ತುಂಬಿದ ಮಗಳು ಸ್ಟಿಯರಿಂಗ್ ಹಿಡಿದಿರುತ್ತಾಳೆ. ಪಕ್ಕದಲ್ಲಿ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ಅಪ್ಪ.

“ಎಡಗಡೆ ಮೋರಿ ಇದೆ, ಕಾಣಲ್ವೇನೇ?”

“ಬಾನೆಟ್ಟೇ ಸರಿಯಾಗಿ ಕಾಣ್ತಿಲ್ಲಪ್ಪಾ, ಮೋರಿ ಎಲ್ಲಿಂದ ಕಾಣ್ಬೇಕು?”

ಅಪ್ಪನಿಗೆ ಇದು ತಲೆಹರಟೆಯಂತೆ ಕೇಳಿಸುತ್ತದೆ. ಆದರೆ ಮಗಳು ಹೇಳಿದ್ದು ನಿಜ. ಐದು ಅಡಿ ಎಂಟು ಅಂಗುಲದ ಅಪ್ಪ ತನಗೆ ಬೇಕಾದಂತೆ ಕೆಳಕ್ಕಿಳಿಸಿ, ಹಿಂದಕ್ಕೆ ತಳ್ಳಿಟ್ಟುಕೊಂಡ ಸೀಟಿನಲ್ಲೇ ಐದು ಅಡಿಯ ಮಗಳು ಕೂತಿದ್ದಾಳೆ. ರಸ್ತೆ ನೋಡಬೇಕಾದರೆ ಕತ್ತು ಚಾಚಬೇಕು. ಕ್ಲಚ್ ತುಳಿಯಬೇಕಾದರೆ ಸೀಟಿನ ಅಂಚಿಗೆ ಜಾರಬೇಕು. ಎರಡು ವಾರ ಹೀಗೇ ಕಳೆದ ಮೇಲೆ ಮನೆಯಲ್ಲಿ ತೀರ್ಪು ಹೊರಬೀಳುತ್ತದೆ: “ಇವಳಿಗೆ ಜಡ್ಜ್‌ಮೆಂಟೇ ಇಲ್ಲ.” ಇಂಥದೇ ತೀರ್ಪಿಗೆ ತಲೆಬಾಗಿ ಲೈಸೆನ್ಸನ್ನು ಬೀರುವಿನಲ್ಲಿಟ್ಟ ಅಮ್ಮಂದಿರೂ ಉಂಟು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಸಂಸಾರಕ್ಕೆ ಸರಿ, ಕಾರಿಗಲ್ಲ. ಇಲ್ಲಿ ಕಾಲು ಇದ್ದಷ್ಟು ಸೀಟು ಸರಿಸಬೇಕು, ಕಣ್ಣು ಇರಬೇಕಾದಷ್ಟು ಸೀಟು ಏರಿಸಬೇಕು.

ಸರಾಸರಿ ಮನುಷ್ಯ ಎಲ್ಲಿದ್ದಾನೆ?

ಎಲ್ಲರಿಗೂ ಒಂದೇ ಅಳತೆ ಹೊಂದುವುದಿಲ್ಲ ಎಂಬ ಪಾಠವನ್ನು ಅಮೆರಿಕದ ವಾಯುಪಡೆ ಕಷ್ಟಪಟ್ಟೇ ಕಲಿಯಿತು. 1926ರಲ್ಲಿ ನೂರಾರು ವಿಮಾನ ಚಾಲಕರ ಮೈ ಅಳೆದು, ಅದರ ಸರಾಸರಿಗೆ ತಕ್ಕಂತೆ ಚಾಲಕನ ಕೋಣೆಯನ್ನು ನಿಗದಿಪಡಿಸಲಾಗಿತ್ತು. 1950ರ ಹೊತ್ತಿಗೆ ವಿಮಾನಗಳ ವೇಗ ಹೆಚ್ಚಿತ್ತು, ಅವಘಡಗಳೂ ಹೆಚ್ಚಿದ್ದವು. ಚಾಲಕರ ಗಾತ್ರವೇ ಬದಲಾಗಿರಬಹುದೆಂದು ಮತ್ತೆ ಅಳತೆ ನಡೆಯಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಅಧಿಕಾರಿ 4,063 ಚಾಲಕರ ಅಳತೆಗಳನ್ನು ಮುಂದಿಟ್ಟುಕೊಂಡು, ಎತ್ತರ, ಎದೆಸುತ್ತು, ತೋಳಿನ ಉದ್ದ ಮೊದಲಾದ ಹತ್ತು ಅಳತೆಗಳಲ್ಲೂ ಸರಾಸರಿಯ ಆಸುಪಾಸಿನಲ್ಲಿರುವವರು ಎಷ್ಟು ಮಂದಿ ಎಂದು ಹುಡುಕಿದರು.

ಉತ್ತರ: ಸೊನ್ನೆ. ಒಬ್ಬನೂ ಇರಲಿಲ್ಲ. ಒಬ್ಬನ ಕಾಲು ಉದ್ದವಾದರೆ ತೋಳು ಗಿಡ್ಡ, ಇನ್ನೊಬ್ಬನ ಎದೆ ಅಗಲವಾದರೆ ಸೊಂಟ ಸಣ್ಣ. ಸರಾಸರಿ ಮನುಷ್ಯನಿಗೆಂದು ಮಾಡಿದ ಆಸನ ಯಾರಿಗೂ ಸರಿಹೊಂದುವಂತಿರಲಿಲ್ಲ. ಆ ಬಳಿಕ ಆಳಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದಾದ ಸೀಟು, ಪೆಡಲು, ಪಟ್ಟಿಗಳು ಬಂದವು.

ಮನೆಯ ಕಾರಿಗೂ ಇದೇ ಮಾತು ಅನ್ವಯಿಸುತ್ತದೆ. ಹಳೆಯ ಅಂಬಾಸಿಡರ್‌ನಲ್ಲಿ ಮುಂದಿನ ಸೀಟು ಸೋಫಾದಂತೆ ಉದ್ದಕ್ಕೆ ಒಂದೇ. ಏರಿಸುವ ಮಾತೇ ಇರಲಿಲ್ಲ. ಗಿಡ್ಡ ಚಾಲಕರಿಗೆ ದಿಂಬೇ ಗತಿ. ಇಂದಿನ ಅನೇಕ ಕಾರುಗಳಲ್ಲಿ ಚಾಲಕನ ಸೀಟಿನ ಬಲಬದಿಯಲ್ಲಿ, ಬಾಗಿಲ ಪಕ್ಕದಲ್ಲಿ, ಒಂದು ಹಿಡಿಕೆ ಇರುತ್ತದೆ. ಬೋರ್‌ವೆಲ್ ಹಿಡಿಕೆಯಂತೆ ಮೇಲಕ್ಕೆ ಎಳೆದೆಳೆದು ಬಿಟ್ಟರೆ ಸೀಟು ಸ್ವಲ್ಪ ಸ್ವಲ್ಪವೇ ಏರುತ್ತದೆ, ಕೆಳಕ್ಕೆ ಒತ್ತಿದರೆ ಇಳಿಯುತ್ತದೆ. ಕಾರು ಕೊಂಡು ವರ್ಷಗಳಾದರೂ ಆ ಹಿಡಿಕೆಯನ್ನು ಮುಟ್ಟದವರಿದ್ದಾರೆ.

ತ್ರಿಭುಜದ ಲೆಕ್ಕ

ಒಂದೆರಡು ಅಂಗುಲದಿಂದ ಆಗುವುದೇನು ಎಂಬ ಸಂಶಯವಿದ್ದರೆ ಪ್ರೌಢಶಾಲೆಯ ಸಮರೂಪ ತ್ರಿಭುಜಗಳನ್ನು ನೆನಪಿಸಿಕೊಂಡರೆ ಸಾಕು. ಚಾಲಕಿಯ ಕಣ್ಣು ನೆಲದಿಂದ 120 ಸೆಂ.ಮೀ. ಎತ್ತರದಲ್ಲಿದೆ, ಬಾನೆಟ್ಟಿನ ಮುಂದಿನ ಅಂಚು 80 ಸೆಂ.ಮೀ. ಎತ್ತರದಲ್ಲಿದೆ, ಎರಡರ ನಡುವಿನ ದೂರ 2 ಮೀಟರ್ ಎಂದಿಟ್ಟುಕೊಳ್ಳಿ. ಬಾನೆಟ್ಟಿನ ಅಂಚನ್ನು ಸವರಿಕೊಂಡು ಹೋಗುವ ನೋಟ 2 ಮೀಟರಿಗೆ 40 ಸೆಂ.ಮೀ. ಇಳಿಯುತ್ತದೆ. ಉಳಿದ 80 ಸೆಂ.ಮೀ. ಇಳಿದು ನೆಲ ಮುಟ್ಟಲು ಅದಕ್ಕೆ ಇನ್ನೂ 4 ಮೀಟರ್ ಬೇಕು. ಅಂದರೆ ಕಾರಿನ ಮುಂದಿನ 4 ಮೀಟರ್ ನೆಲ ಆಕೆಯ ಪಾಲಿಗೆ ಇಲ್ಲವೇ ಇಲ್ಲ.

ಸೀಟನ್ನು 5 ಸೆಂ.ಮೀ. ಏರಿಸಿದರೆ? ಕಣ್ಣು 125 ಸೆಂ.ಮೀ. ಎತ್ತರಕ್ಕೆ ಬಂತು. ಕಾಣದ ನೆಲ ಸುಮಾರು 3.55 ಮೀಟರಿಗೆ ಇಳಿಯಿತು. ಸುಮಾರು ಒಂದೂವರೆ ಅಡಿ ರಸ್ತೆ ಹೊಸದಾಗಿ ಕಣ್ಣಿಗೆ ಬಿತ್ತು. ಗುಂಡಿ, ಹಂಪು, ಮಲಗಿದ ನಾಯಿ, ಚೆಂಡು ಎತ್ತಿಕೊಳ್ಳಲು ಬಗ್ಗಿದ ಮಗು ಇವೆಲ್ಲ ಇರುವುದು ಆ ನೆಲದ ಮೇಲೆಯೇ. ನಿಮ್ಮ ಕಾರಿನ ಅಳತೆ ಬೇರೆ ಇರಬಹುದು. ಟೇಪು ಹಿಡಿದು ಮಕ್ಕಳೇ ಅಳೆದು ಲೆಕ್ಕ ಹಾಕಲಿ. ಗಣಿತಕ್ಕೂ ಒಂದು ಉಪಯೋಗ ಸಿಕ್ಕಿದಂತಾಗುತ್ತದೆ.

ಬೆಲ್ಟು, ಗಾಳಿಚೀಲ

ನೋಟದ ಜೊತೆಗೆ ರಕ್ಷಣೆಯ ಪ್ರಶ್ನೆಯೂ ಇದೆ. ಭುಜ ಮತ್ತು ಸೊಂಟ ಎರಡನ್ನೂ ಹಿಡಿಯುವ ಈಗಿನ ಸೀಟ್ ಬೆಲ್ಟನ್ನು 1959ರಲ್ಲಿ ವೋಲ್ವೊ ಕಂಪೆನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಮೇಲಿನ ಪಟ್ಟಿ ಭುಜದ ಮಧ್ಯದಲ್ಲಿ, ಕೆಳಗಿನ ಪಟ್ಟಿ ಸೊಂಟದ ಎಲುಬಿನ ಮೇಲೆ ಕೂತರೆ ಮಾತ್ರ ಅದು ಕೆಲಸ ಮಾಡುತ್ತದೆ. ತೀರಾ ಕೆಳಗೆ ಕೂತವರಿಗೆ ಮೇಲಿನ ಪಟ್ಟಿ ಕುತ್ತಿಗೆಗೆ ಉಜ್ಜುತ್ತದೆ. ಉಜ್ಜಿದ್ದನ್ನು ಕಂಕುಳ ಕೆಳಗೆ ತೂರಿಸುತ್ತಾರೆ. ಡಿಕ್ಕಿಯಾದರೆ ಆಗ ಏಟು ಬೀಳುವುದು ಪಕ್ಕೆಲುಬಿಗೆ.

ಗಾಳಿಚೀಲದ್ದು ಇನ್ನೊಂದು ಕಥೆ. ಅದು ಕಣ್ಣು ರೆಪ್ಪೆ ಬಡಿಯುವುದರೊಳಗೆ ಉಬ್ಬಿ ಹೊರನುಗ್ಗುತ್ತದೆ. ಸ್ಟಿಯರಿಂಗ್ ಚಕ್ರದ ನಡುಭಾಗಕ್ಕೂ ಎದೆಯ ಮೂಳೆಗೂ ನಡುವೆ ಕನಿಷ್ಠ 25 ಸೆಂ.ಮೀ., ಎಂದರೆ ಹತ್ತು ಅಂಗುಲ, ಅಂತರವಿರಬೇಕೆಂದು ತಜ್ಞರು ಹೇಳುತ್ತಾರೆ. ರಸ್ತೆ ಕಾಣದೆ ಚಕ್ರಕ್ಕೆ ಎದೆಯಾನಿಸಿ ಕೂತವರಿಗೆ, ಕಾಯಬೇಕಾದ ಚೀಲವೇ ಪೆಟ್ಟು ಕೊಡಬಹುದು.

ಮುಂಭಾಗದ ಡಿಕ್ಕಿ ಪರೀಕ್ಷೆಗಳಲ್ಲಿ ಹೆಚ್ಚಾಗಿ ಕೂರಿಸುವ ಗಂಡು ಬೊಂಬೆಯ ಎತ್ತರ ಸುಮಾರು 175 ಸೆಂ.ಮೀ. ‘ಚಿಕ್ಕ ಗಾತ್ರದ ಹೆಣ್ಣು’ ಎಂದು ಕರೆಯುವ ಬೊಂಬೆಯ ಎತ್ತರ ಸುಮಾರು ಐದು ಅಡಿ. ನಮ್ಮ ದೇಶದ ಮಹಿಳೆಯರ ಸರಾಸರಿ ಎತ್ತರವೂ ಹೆಚ್ಚುಕಡಿಮೆ ಅಷ್ಟೇ! ಅಲ್ಲಿ ‘ಚಿಕ್ಕವಳು’ ಎನಿಸಿದವಳು ಇಲ್ಲಿ ಪಕ್ಕದ ಮನೆಯ ಸಾಮಾನ್ಯ ಹೆಣ್ಣುಮಗಳು. ಸೀಟು ಹೊಂದಿಸಿಕೊಳ್ಳುವುದು ಆಕೆಗೆ ಶೋಕಿಯಲ್ಲ, ಅಗತ್ಯ.

ಎರಡು ನಿಮಿಷದ ಕೆಲಸ

ಕಾರು ನಿಂತಿರುವಾಗ, ಹ್ಯಾಂಡ್‌ಬ್ರೇಕ್ ಹಾಕಿ, ಈ ಕ್ರಮದಲ್ಲಿ ಮಾಡಬೇಕು.

ಮೊದಲು ಸೊಂಟ ಸೀಟಿನ ಬೆನ್ನಿಗೆ ತಾಗುವಂತೆ ಪೂರ್ತಿ ಹಿಂದಕ್ಕೆ ಕೂರಿ. ನಂತರ ಎತ್ತರ. ಎದುರಿನ ಗಾಜಿನ ನಡುಭಾಗದಿಂದ ರಸ್ತೆ ಕಾಣಬೇಕು, ಮೀಟರುಗಳೆಲ್ಲ ಕಾಣಬೇಕು, ಸೊಂಟ ಮಂಡಿಗಿಂತ ಕೆಳಗಿರಬಾರದು. ತಲೆಗೂ ಚಾವಣಿಗೂ ನಡುವೆ ಒಂದು ಮುಷ್ಟಿಯಷ್ಟು ಜಾಗವಿರಲಿ. ಎತ್ತರದ ಹುಡುಗರು ಸೀಟನ್ನು ಇಳಿಸಿಯೇ ಕೂರಬೇಕು. ಇಲ್ಲವಾದರೆ ಸಿಗ್ನಲ್ ದೀಪ ಚಾವಣಿಯ ಅಂಚಿನಲ್ಲಿ ಮರೆಯಾಗುತ್ತದೆ, ಹಂಪು ಬಂದಾಗ ತಲೆ ತಾಗುತ್ತದೆ.

ಆಮೇಲೆ ದೂರ. ಸೀಟು ಏರಿದರೆ ಪೆಡಲು ಕಾಲಿಗೆ ದೂರವಾಗುತ್ತದೆ, ಅದಕ್ಕೇ ಎತ್ತರ ಮೊದಲು, ದೂರ ನಂತರ. ಕ್ಲಚ್ಚನ್ನು ತಳಮುಟ್ಟ ತುಳಿದಾಗಲೂ ಮಂಡಿ ಕೊಂಚ ಬಾಗಿರಬೇಕು. ಮಂಡಿಯ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಬೆರಳು ತೂರಬೇಕು. ಬೆನ್ನು ಒರಗಿದ್ದಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲಂಚಿಗೆ ಎಟುಕಬೇಕು. ತಲೆಯಾಸರೆಯ ಮೇಲ್ತುದಿ ನೆತ್ತಿಯ ಮಟ್ಟಕ್ಕಿರಲಿ. ಕನ್ನಡಿಗಳ ಸರದಿ ಕೊನೆಗೆ; ಕಣ್ಣಿನ ಎತ್ತರ ಬದಲಾದ ಮೇಲೆ ಹಳೆಯ ಕನ್ನಡಿ ಆಕಾಶವನ್ನೋ ಹಿಂದಿನ ಸೀಟನ್ನೋ ತೋರಿಸುತ್ತಿರುತ್ತದೆ.

ಏರಿಸುವ ಹಿಡಿಕೆಯೇ ಇಲ್ಲದ ಕಾರಾದರೆ? ಮನೆಯ ಮೆತ್ತನೆಯ ದಿಂಬು ಬೇಡ. ಜೋರಾಗಿ ಬ್ರೇಕ್ ಹಾಕಿದಾಗ ಅದು ಜಾರುತ್ತದೆ, ಜೊತೆಗೆ ದೇಹವೂ ಬೆಲ್ಟಿನ ಕೆಳಗೆ ಜಾರುತ್ತದೆ. ಗಟ್ಟಿಯಾದ, ಜಾರದ ತಳವುಳ್ಳ ತೆಳು ಮೆತ್ತೆ ಬಳಸಿ, ಬೆಲ್ಟು ಸೊಂಟದ ಎಲುಬಿನ ಮೇಲೆಯೇ ಇದೆಯೇ ಎಂದು ನೋಡಿಕೊಳ್ಳಬೇಕು. ಹೊಸದಾಗಿ ಕಾರು ಕೊಳ್ಳುವವರು ಬಣ್ಣ, ಮೈಲೇಜು ಕೇಳುವಾಗ ಇದನ್ನೂ ಕೇಳುವುದು ಒಳ್ಳೆಯದು. ಒಂದೇ ಕಾರಿನ ಅಗ್ಗದ ಮಾದರಿಯಲ್ಲಿ ಈ ಸೌಲಭ್ಯ ಇಲ್ಲದೆ, ದುಬಾರಿ ಮಾದರಿಯಲ್ಲಿ ಇರುವುದುಂಟು. ಮನೆಯಲ್ಲಿ ಕಾರು ಓಡಿಸಲಿರುವ ಎಲ್ಲರೂ ಷೋರೂಮಿನಲ್ಲೇ ಒಮ್ಮೆ ಆ ಸೀಟಿನಲ್ಲಿ ಕೂತು ನೋಡಬೇಕು.

ಹೆತ್ತವರು ಮಾಡಬೇಕಾದ್ದು ಹೆಚ್ಚೇನಿಲ್ಲ. ಸಂಜೆ ಕಾರು ಹತ್ತಿದಾಗ ಸೀಟು ಬದಲಾಗಿದ್ದರೆ “ಯಾರು ನನ್ನ ಸೀಟು ಮುಟ್ಟಿದ್ದು?” ಎಂದು ಗದರದಿದ್ದರೆ ಸಾಕು. ಅಪ್ಪ ಗದರುತ್ತಾರೆಂಬ ಭಯಕ್ಕೆ ಸೀಟನ್ನು ಇದ್ದಂತೆಯೇ ಬಿಟ್ಟು ಓಡಿಸುವ ಮಕ್ಕಳೂ ಇರುತ್ತಾರೆ. ಕಾರು ಅಪ್ಪನದೇ ಇರಬಹುದು. ಓಡಿಸುವಷ್ಟು ಹೊತ್ತು ಸೀಟು ಮಾತ್ರ ಓಡಿಸುವವರದು.

ನಾಳೆ ಬೆಳಿಗ್ಗೆ ಅದೇ ಖಾಲಿ ಬಡಾವಣೆಗೆ ಹೋದಾಗ, ಕೀಲಿ ತಿರುಗಿಸುವ ಮೊದಲು ಆ ಹಿಡಿಕೆಯನ್ನು ನಾಲ್ಕು ಸಲ ಎಳೆದು ನೋಡಲಿ. ಎಡಗಡೆಯ ಮೋರಿ ಎಲ್ಲಿದೆ ಎಂದು ಮಗಳೇ ಹೇಳಿಯಾಳು.